2025ರ ಕರ್ನಾಟಕದ ಹಿನ್ನೋಟ: ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಬಿಡುವುದು?

ಪ್ರಶ್ನೆ: ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕಿಯಾಗಿದ್ದೇನೆ. ನಮ್ಮ ವಾರ್ಷಿಕ ಸಂಚಿಕೆಗೆ 2025ರ ಕರ್ನಾಟಕದ ಹಿನ್ನೋಟವನ್ನು ನಾಲ್ಕು ಪುಟಗಳಲ್ಲಿ ಬರೆಯುವ ಹೊಣೆ ನನ್ನ ಪಾಲಿಗೆ ಬಂದಿದೆ. ವಿದ್ಯಾರ್ಥಿಗಳು ಕಲೆಹಾಕಿದ ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ಘಟನೆಗಳಿವೆ. ರಾಜಕೀಯ, ಕ್ರೀಡೆ, ಸಿನಿಮಾ, ಸಾಹಿತ್ಯ, ಅಗಲಿದವರು ಎಂದು ವಿಂಗಡಿಸಿದರೆ ಎಲ್ಲರ ಹಿನ್ನೋಟದಂತೆಯೇ ಕಾಣುತ್ತದೆ, ವಿಂಗಡಿಸದಿದ್ದರೆ ಸಂತೆಯಾಗುತ್ತದೆ. ಯಾವುದು ನೆನಪಿಡತಕ್ಕದ್ದು ಎಂದು ತೀರ್ಮಾನಿಸಲು ಸುದ್ದಿಮನೆಯಲ್ಲಿ ಏನಾದರೂ ಅಳತೆಗೋಲು ಇದೆಯೇ? ಆರ್‌ಸಿಬಿ ಗೆದ್ದದ್ದನ್ನು ಕ್ರೀಡೆಯ ಪುಟದಲ್ಲೂ ಮರುದಿನದ ಕಾಲ್ತುಳಿತವನ್ನು ದುರಂತಗಳ ಪುಟದಲ್ಲೂ ಹಾಕುವುದು ಸರಿಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಪ್ರಶ್ನೆಗಳ ಉತ್ತರವೂ ಅದರೊಳಗೇ ಇದೆ. ಅವೆರಡನ್ನೂ ಬೇರ್ಪಡಿಸಬೇಡಿ. ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬ್ ಕಿಂಗ್ಸ್ ತಂಡವನ್ನು 6 ರನ್ನುಗಳಿಂದ ಸೋಲಿಸಿ, ಐಪಿಎಲ್‌ನ 18ನೆಯ ಆವೃತ್ತಿಯಲ್ಲಿ ಮೊಟ್ಟಮೊದಲ ಬಾರಿಗೆ ಕಪ್ ಎತ್ತಿತು. ವರ್ಷಾವರ್ಷ 'ಈ ಸಲ ಕಪ್ ನಮ್ದೇ' ಎಂದು ಹೇಳಿಕೊಂಡು, ಆಮೇಲೆ ಅದೇ ಮಾತಿಗೆ ತಾವೇ ನಕ್ಕು ಸುಮ್ಮನಾಗುತ್ತಿದ್ದ ಅಭಿಮಾನಿಗಳು ಆ ರಾತ್ರಿ ನಿದ್ದೆ ಮಾಡಲಿಲ್ಲ. ಪೂರ್ತಿ ಒಂದು ದಿನ ಕಳೆಯುವುದರೊಳಗೆ, ಜೂನ್ 4ರ ಸಂಜೆ, ಚಿನ್ನಸ್ವಾಮಿ ಕ್ರೀಡಾಂಗಣದ ದ್ವಾರಗಳ ಹೊರಗೆ 11 ಮಂದಿ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಸುಮಾರು 35 ಸಾವಿರ ಮಂದಿ ಕೂರಬಹುದಾದ ಕ್ರೀಡಾಂಗಣದ ಸುತ್ತ ಲಕ್ಷಗಟ್ಟಲೆ ಜನ ಸೇರಿದ್ದರು. ಅಷ್ಟು ದೂರವೂ ಇಲ್ಲದ ವಿಧಾನಸೌಧದ ಮೆಟ್ಟಿಲುಗಳ ಮೇಲೆ ಅದೇ ಸಂಜೆ ತಂಡಕ್ಕೆ ಸನ್ಮಾನ ನಡೆದಿತ್ತು. ಗೆಲುವು ಇಲ್ಲದಿದ್ದರೆ ಆ ಜನಸಾಗರ ಇಲ್ಲ, ಆ ಅವಸರದ ಮೆರವಣಿಗೆಯ ಮಾತಿಲ್ಲ, ಆ ಸಾವುಗಳೂ ಇಲ್ಲ. ಒಂದನ್ನು 12ನೆಯ ಪುಟದಲ್ಲಿ ಸಂಭ್ರಮವಾಗಿಯೂ ಇನ್ನೊಂದನ್ನು 5ನೆಯ ಪುಟದಲ್ಲಿ ದುರಂತವಾಗಿಯೂ ಓದಿದವರಿಗೆ ಆ ಇಪ್ಪತ್ತನಾಲ್ಕು ಗಂಟೆ ಅರ್ಥವಾಗುವುದಿಲ್ಲ.

ಕಥೆ ಅಲ್ಲಿಗೇ ನಿಲ್ಲುವುದೂ ಇಲ್ಲ. ಆ ವರ್ಷ ಭಾರತದಲ್ಲಿ ನಡೆಯಬೇಕಿದ್ದ ಮಹಿಳಾ ಏಕದಿನ ವಿಶ್ವಕಪ್ಪಿನ ಉದ್ಘಾಟನಾ ಪಂದ್ಯ, ಒಂದು ಸೆಮಿಫೈನಲ್ ಮತ್ತು ಪಾಕಿಸ್ತಾನ ಫೈನಲ್ ತಲುಪದಿದ್ದರೆ ಫೈನಲ್ ಕೂಡ ಮೊದಲ ವೇಳಾಪಟ್ಟಿಯಂತೆ ಬೆಂಗಳೂರಿನ ಪಾಲಿಗಿದ್ದವು. ಕಾಲ್ತುಳಿತದ ಬಳಿಕ ಚಿನ್ನಸ್ವಾಮಿಯಲ್ಲಿ ಪಂದ್ಯ ನಡೆಸಲು ಅನುಮತಿ ದೊರೆಯಲಿಲ್ಲ. ಆಗಸ್ಟ್‌ನಲ್ಲಿ ಬೆಂಗಳೂರಿನ ಹೆಸರು ತೆಗೆದು ನವಿ ಮುಂಬಯಿಯನ್ನು ಸೇರಿಸಿದರು. ಆಸ್ಟ್ರೇಲಿಯಾವನ್ನು ಮಣಿಸಿದ ಸೆಮಿಫೈನಲ್, ನವೆಂಬರ್ 2ರಂದು ದಕ್ಷಿಣ ಆಫ್ರಿಕಾವನ್ನು 52 ರನ್ನುಗಳಿಂದ ಸೋಲಿಸಿ ಭಾರತದ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಗೆದ್ದ ಫೈನಲ್, ಎರಡೂ ಅಲ್ಲೇ ನಡೆದವು. ಹೀಗೆ ಜೂನ್ 3, ಜೂನ್ 4 ಮತ್ತು ನವೆಂಬರ್ 2 ಒಂದೇ ದಾರದಲ್ಲಿ ಪೋಣಿಸಿದ ಮೂರು ದಿನಾಂಕಗಳು. ನಿಮ್ಮ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವು ಬಹುಶಃ ಮೂರು ಬೇರೆ ಬೇರೆ ಸಾಲುಗಳಾಗಿ, ನಡುವೆ ಮೂವತ್ತು ನಲವತ್ತು ಸಾಲುಗಳ ಅಂತರದಲ್ಲಿ ಬಿದ್ದಿರುತ್ತವೆ.

ವಿಭಾಗವಾರು ಹಿನ್ನೋಟ ಎಲ್ಲಿಂದ ಬಂತು ಎಂಬುದನ್ನು ತಿಳಿದರೆ ಅದನ್ನು ಕೈಬಿಡಲು ಧೈರ್ಯ ಬರುತ್ತದೆ. ಮೂರು ದಶಕಗಳ ಕಾಲ ಪತ್ರಿಕೆಯೊಂದರ ಸುದ್ದಿಮೇಜಿನಲ್ಲಿ ಕುಳಿತು ಅಂಥ ಪುಟಗಳನ್ನು ಕಟ್ಟಿದವನಾಗಿ ಹೇಳುತ್ತೇನೆ, ಅದರ ಹಿಂದೆ ಯಾವ ತತ್ವವೂ ಇಲ್ಲ. ಡಿಸೆಂಬರ್ ಮೊದಲ ವಾರದಲ್ಲಿ ಪುರವಣಿ ಸಂಪಾದಕರು ಒಬ್ಬೊಬ್ಬರ ಮೇಜಿನ ಬಳಿ ನಿಂತು, ಕ್ರೀಡೆಯವರು ಒಂದು ಪುಟ ಕೊಡಿ, ಸಿನಿಮಾದವರು ಅರ್ಧ ಪುಟ ಕೊಡಿ, ಜಾಹೀರಾತು ಬಂದರೆ ಅದೂ ಇಲ್ಲ ಎಂದು ಹೇಳಿ ಹೋಗುತ್ತಿದ್ದರು. ಯಾರ ಮೇಜಿಗೆ ಯಾವ ಕಟಿಂಗ್ ಬಂದಿತ್ತೋ ಅದು ಅವರ ಪುಟಕ್ಕೆ ಹೋಗುತ್ತಿತ್ತು. ಅಂದರೆ ಆ ವಿಂಗಡಣೆ ನಮ್ಮ ಕಚೇರಿಯ ಕುರ್ಚಿಗಳ ವಿಂಗಡಣೆಯೇ ಹೊರತು ವರ್ಷದ ವಿಂಗಡಣೆಯಲ್ಲ. ನಿಮ್ಮ ಕಾಲೇಜಿನಲ್ಲಿ ಆ ಕುರ್ಚಿಗಳಿಲ್ಲ. ಇಲ್ಲದ ಕುರ್ಚಿಗೆ ತಲೆಬಾಗುವ ಅಗತ್ಯವೂ ಇಲ್ಲ.

ಎರಡನೆಯ ದೋಷ ಅವಸರದ್ದು. 2004ರ ಡಿಸೆಂಬರ್ 26 ಭಾನುವಾರವಾಗಿತ್ತು. ನಮ್ಮ ವರ್ಷಾಂತ್ಯದ ಪುರವಣಿ ಅಂದು ಬೆಳಿಗ್ಗೆ ಮನೆಮನೆಗೆ ತಲುಪಿತು. ಅದರ ಪುಟಗಳು ಎರಡು ಮೂರು ದಿನ ಮೊದಲೇ ಅಚ್ಚಾಗಿದ್ದವು. ಓದುಗರು ಕಾಫಿ ಕುಡಿಯುತ್ತ 'ವರ್ಷದ ಹತ್ತು ದೊಡ್ಡ ಸುದ್ದಿಗಳು' ಎಂಬ ನನ್ನ ಪುಟವನ್ನು ತಿರುವಿಹಾಕುತ್ತಿದ್ದ ಹೊತ್ತಿಗೆ ಸಮುದ್ರ ನಾಗಪಟ್ಟಣದ ಬೀದಿಗಳಿಗೆ ನುಗ್ಗುತ್ತಿತ್ತು. ಆ ವರ್ಷದ, ಬಹುಶಃ ಆ ದಶಕದ ಅತಿ ದೊಡ್ಡ ಸುದ್ದಿ ನನ್ನ ಹತ್ತರಲ್ಲಿ ಇರಲಿಲ್ಲ. ಪತ್ರಿಕೆಗಳ ಹಿನ್ನೋಟದಲ್ಲಿ ಡಿಸೆಂಬರ್ ಯಾವಾಗಲೂ ಬಡಕಲು, ಜನವರಿ ಯಾವಾಗಲೂ ಮಸುಕು. ಕಾಲೇಜು ಸಂಚಿಕೆಗೆ ಈ ತೊಂದರೆ ಇಲ್ಲ, ಅದು ಹೇಗೂ ತಡವಾಗಿಯೇ ಬರುತ್ತದೆ. ಆ ತಡವನ್ನೇ ಅನುಕೂಲ ಮಾಡಿಕೊಳ್ಳಿ.

ಈಗ ಅಳತೆಗೋಲಿನ ವಿಷಯ. ಸಿಂಹಾವಲೋಕನ ಎಂಬ ಪದವನ್ನು ನಾವು ಸುಮ್ಮನೆ ಶೀರ್ಷಿಕೆಗೆ ಬಳಸುತ್ತೇವೆ. ಸಿಂಹವು ಹೆಜ್ಜೆ ಹೆಜ್ಜೆಗೂ ತಿರುಗಿ ನೋಡುವುದಿಲ್ಲ. ಒಂದಷ್ಟು ದೂರ ನಡೆದು, ನಿಂತು, ಕತ್ತು ಹೊರಳಿಸಿ ನೋಡುತ್ತದೆ ಎಂಬುದು ಆ ಪದದ ಹಿಂದಿರುವ ಚಿತ್ರ. ಮುಖಪುಟದಲ್ಲಿ ಎಷ್ಟು ಕಾಲಂ ಬಂದಿತ್ತು ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆ ಸುದ್ದಿ ಬಂದ ಮೇಲೆ ಯಾರಾದರೂ ಏನನ್ನಾದರೂ ಬೇರೆ ರೀತಿಯಲ್ಲಿ ಮಾಡಬೇಕಾಯಿತೇ, ಅದು ವರ್ಷದ ಇನ್ನೊಂದು ಸುದ್ದಿಗೆ ತಾಗಿತೇ ಎಂದು ಕೇಳಿಕೊಳ್ಳುತ್ತೇನೆ. ಮುಖ್ಯಮಂತ್ರಿ ಬದಲಾವಣೆಯ ಚರ್ಚೆಯನ್ನೇ ತೆಗೆದುಕೊಳ್ಳಿ. 'ನವೆಂಬರ್ ಕ್ರಾಂತಿ' ಎಂಬ ಹೆಸರಿನಲ್ಲಿ ಅದು ತಿಂಗಳುಗಟ್ಟಲೆ ವಾಹಿನಿಗಳನ್ನು ತುಂಬಿತು. ನವೆಂಬರ್ 29ರಂದು ಮುಖ್ಯಮಂತ್ರಿಯವರ ನಿವಾಸದಲ್ಲಿ, ಡಿಸೆಂಬರ್ 2ರಂದು ಉಪಮುಖ್ಯಮಂತ್ರಿಯವರ ನಿವಾಸದಲ್ಲಿ ಉಪಾಹಾರ ನಡೆಯಿತು. ಇಡ್ಲಿಯ ಜೊತೆ ನಾಟಿಕೋಳಿ ಸಾರು ಇತ್ತು ಎಂಬುದು ಅಂದಿನ ಬ್ರೇಕಿಂಗ್ ಸುದ್ದಿಯಾಯಿತು. 2025ರೊಳಗೆ ಕುರ್ಚಿಯಲ್ಲಿ ಏನೂ ಬದಲಾಗಲಿಲ್ಲ. ಅದಕ್ಕೆ ನಿಮ್ಮ ನಾಲ್ಕು ಪುಟಗಳಲ್ಲಿ ಎರಡು ವಾಕ್ಯ ಸಾಕು, ಅದರಲ್ಲಿ ಒಂದು ವಾಕ್ಯವನ್ನು ಬೇಕಾದರೆ ನಾಟಿಕೋಳಿಗೇ ಕೊಡಿ.

ನಾನಾಗಿದ್ದರೆ ಇಡೀ ಒಂದು ಪುಟವನ್ನು ಮೇ 20ರಿಂದ ಜೂನ್ 4ರವರೆಗಿನ ಹದಿನಾರು ದಿನಗಳಿಗೆ ಕೊಡುತ್ತಿದ್ದೆ. ಕನ್ನಡಿಗರು ತಮ್ಮ ಭಾಷೆಯ ಬಗ್ಗೆ ಎರಡೇ ವಾರಗಳಲ್ಲಿ ಇಷ್ಟು ಬಗೆಯಲ್ಲಿ ಹಿಗ್ಗಿದ್ದು, ಕೆರಳಿದ್ದು, ಅತ್ತದ್ದು ನನ್ನ ವೃತ್ತಿಜೀವನದಲ್ಲಿ ನೆನಪಿಲ್ಲ. ಮೇ 20ರಂದು ಲಂಡನ್ನಿನಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡಕ್ಕೆ ಈ ಪ್ರಶಸ್ತಿ ಮೊದಲನೆಯದು, ಸಣ್ಣಕಥೆಗಳ ಸಂಕಲನವೊಂದಕ್ಕೆ ಸಿಕ್ಕಿದ್ದೂ ಮೊದಲು. 50 ಸಾವಿರ ಪೌಂಡ್ ಮೊತ್ತ ಲೇಖಕಿಗೂ ಅನುವಾದಕಿಗೂ ಸರಿಸಮನಾಗಿ ಹಂಚಿಕೆಯಾಗುತ್ತದೆ ಎಂಬುದನ್ನು ನಿಮ್ಮ ವಿದ್ಯಾರ್ಥಿಗಳು ಗಮನಿಸಿರಲಿಕ್ಕಿಲ್ಲ. ಅನುವಾದವನ್ನು ಎರಡನೆಯ ದರ್ಜೆಯ ಕೆಲಸವೆಂದು ಕಾಣುವ ನಮ್ಮ ಕಡೆಯ ರೂಢಿಗೆ ಅದು ತಾನಾಗಿ ಬಂದ ಉತ್ತರ. ಅನುವಾದಿಸಿದವರು ಮಡಿಕೇರಿಯ ದೀಪಾ ಭಾಸ್ತಿ.

ಈ ಪುಸ್ತಕದ ಬಗ್ಗೆ ಬರೆಯುವಾಗ 'ಕನ್ನಡದ ಕೀರ್ತಿ ಸಾಗರದಾಚೆಗೆ' ಎಂಬಂಥ ಮಾತನ್ನು ಬಿಟ್ಟು ಒಳಗೆ ಏನಿದೆ ಎಂದು ಹೇಳಿ. ಅದರಲ್ಲಿರುವುದು 12 ಕಥೆಗಳು. 1990ರಿಂದ 2023ರವರೆಗೆ, ಮೂವತ್ತಮೂರು ವರ್ಷಗಳ ಉದ್ದಕ್ಕೂ ಬರೆದವು. ವಕೀಲೆಯಾಗಿ, ಬಂಡಾಯ ಚಳವಳಿಯ ಜೊತೆಗಾರ್ತಿಯಾಗಿ, ಒಂದು ಕಾಲಕ್ಕೆ ಪತ್ರಕರ್ತೆಯಾಗಿ ಬಾನು ಅವರು ಹತ್ತಿರದಿಂದ ಕಂಡ ಮುಸ್ಲಿಂ ಕುಟುಂಬಗಳ ಹೆಣ್ಣುಮಕ್ಕಳ ಬದುಕು ಅಲ್ಲಿದೆ. ಆ ಕನ್ನಡದಲ್ಲಿ ದಖನಿ ಉರ್ದು, ಹಾಸನದ ಆಡುಮಾತು ಎಲ್ಲ ಬೆರೆತಿವೆ. ಅನುವಾದಕಿ ಅಂಥ ಪದಗಳನ್ನು ಓರೆ ಅಕ್ಷರದಲ್ಲಿ ಹಾಕಲಿಲ್ಲ, ಅಡಿಟಿಪ್ಪಣಿಯನ್ನೂ ಕೊಡಲಿಲ್ಲ. ಗೊತ್ತಿಲ್ಲದವರು ಗೊತ್ತು ಮಾಡಿಕೊಳ್ಳಲಿ ಎಂದು ಹಾಗೇ ಬಿಟ್ಟರು. ನಮ್ಮಲ್ಲಿ ಬಾನು ಮುಷ್ತಾಕ್ ಅವರ ಹೆಸರನ್ನು ಮೇ 21ರ ಬೆಳಿಗ್ಗೆ ಮೊದಲ ಬಾರಿಗೆ ಕೇಳಿದವರು ಎಷ್ಟೋ ಜನ. ಅವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2004ರಲ್ಲೇ 'ಹಸೀನಾ' ಚಿತ್ರ ಮಾಡಿದ್ದರು, ಅದರ ಪಾತ್ರಕ್ಕೆ ತಾರಾ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದಿತ್ತು. ಪ್ರಶಸ್ತಿ ಬರುವವರೆಗೆ ನಮ್ಮ ಗ್ರಂಥಾಲಯದ ಕಪಾಟಿನಲ್ಲಿದ್ದ ಅವರ ಸಂಕಲನವನ್ನು ಎಷ್ಟು ಮಂದಿ ತೆಗೆದುಕೊಂಡಿದ್ದರು ಎಂದು ನಿಮ್ಮ ಕಾಲೇಜಿನ ಗ್ರಂಥಪಾಲಕರನ್ನು ಕೇಳಿ ನೋಡಿ. ಪುಸ್ತಕದ ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿಯೇ ಉತ್ತರ ಹೇಳುತ್ತದೆ, ಅದನ್ನೇ ಒಂದು ಫೋಟೊ ತೆಗೆದು ಪುಟದ ಮೂಲೆಗೆ ಹಾಕಬಹುದು.

ಅದೇ ವಾರ ಬೆಂಗಳೂರಿನ ಹೊರವಲಯದ ಬ್ಯಾಂಕ್ ಶಾಖೆಯೊಂದರಲ್ಲಿ ಕನ್ನಡ ಮಾತನಾಡುವುದಿಲ್ಲ ಎಂದು ಅಧಿಕಾರಿಯೊಬ್ಬರು ಗ್ರಾಹಕರೊಡನೆ ಜಗಳವಾಡಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಅವರ ವರ್ಗಾವಣೆಯಾಯಿತು, ಅವರು ಕನ್ನಡದಲ್ಲೇ ಕ್ಷಮೆ ಕೇಳಿದರು. ಅದರ ಬೆನ್ನಿಗೇ ಕಮಲ್ ಹಾಸನ್ ಅವರು ಚೆನ್ನೈನ ವೇದಿಕೆಯೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂದರು. ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಭಾಷೆಗಳು ಎಂಬುದನ್ನು ಭಾಷಾಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಯೂ ಬಲ್ಲ. ಆದರೆ ವಿವಾದ ತರಗತಿಯಲ್ಲಿ ನಡೆಯಲಿಲ್ಲ, ಚಿತ್ರಮಂದಿರದ ಬಾಗಿಲಲ್ಲಿ ನಡೆಯಿತು. ಕ್ಷಮೆ ಕೇಳಲು ಅವರು ಒಪ್ಪಲಿಲ್ಲ, ಜೂನ್ 5ರಂದು ಬೇರೆಲ್ಲ ಕಡೆ ತೆರೆಕಂಡ ಅವರ ಚಿತ್ರ ಕರ್ನಾಟಕದಲ್ಲಿ ತೆರೆಕಾಣಲಿಲ್ಲ, ಪ್ರಕರಣ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಈ ಗದ್ದಲದ ನಡುವೆ ಮೇ 30ರಂದು ಎಚ್. ಎಸ್. ವೆಂಕಟೇಶಮೂರ್ತಿ ತೀರಿಕೊಂಡರು. ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು, ಮಕ್ಕಳಿಗೂ ಮುದುಕರಿಗೂ ಹಾಡಲು ಬರುವ ಭಾವಗೀತೆ ಬರೆದವರು. ಕನ್ನಡ ಯಾವುದರಿಂದ ಹುಟ್ಟಿತು ಎಂದು ಸ್ಟುಡಿಯೊಗಳಲ್ಲಿ ಕೂಗಾಟ ನಡೆದಿದ್ದ ಆ ದಿನಗಳಲ್ಲಿ ಎಚ್ಚೆಸ್ವಿಯವರ ಹಾಡುಗಳು ಮನೆಗಳಲ್ಲಿ ಮೆಲ್ಲಗೆ ಕೇಳಿಬರುತ್ತಿದ್ದವು. ಅವರನ್ನು 'ಅಗಲಿದವರು' ಪಟ್ಟಿಯಲ್ಲಿ ಹಾಕಿದರೆ ಈ ಸಂಬಂಧ ಕಳಚಿಹೋಗುತ್ತದೆ. ಅವರು ತೀರಿಕೊಂಡ ನಾಲ್ಕು ದಿನಕ್ಕೆ ಕಪ್, ಅದರ ಮರುದಿನ ಕಾಲ್ತುಳಿತ.

ಇನ್ನೊಂದು ಪುಟವನ್ನು ಸೆಪ್ಟೆಂಬರ್ 22 ಎಂಬ ಒಂದೇ ದಿನಕ್ಕೆ ಕೊಡಬಹುದು. ಅಂದು ಬೆಳಿಗ್ಗೆ ಚಾಮುಂಡಿ ಬೆಟ್ಟದಲ್ಲಿ ಬಾನು ಮುಷ್ತಾಕ್ ಅವರು ದೇವಿಗೆ ಪುಷ್ಪಾರ್ಚನೆ ಮಾಡಿ ಮೈಸೂರು ದಸರಾ ಉದ್ಘಾಟಿಸಿದರು. ಅವರ ಆಯ್ಕೆಯನ್ನು ಪ್ರಶ್ನಿಸಿ ಸಲ್ಲಿಕೆಯಾದ ಅರ್ಜಿಗಳನ್ನು ಹೈಕೋರ್ಟ್ ಸೆಪ್ಟೆಂಬರ್ 15ರಂದು, ಸುಪ್ರೀಂ ಕೋರ್ಟ್ 19ರಂದು ವಜಾ ಮಾಡಿದ್ದವು. 2017ರಲ್ಲಿ ಕೆ. ಎಸ್. ನಿಸಾರ್ ಅಹಮದ್ ಇದೇ ದೀಪ ಬೆಳಗಿದಾಗ ಇಷ್ಟು ಗದ್ದಲ ಆಗಿರಲಿಲ್ಲ ಎಂಬುದನ್ನು ಬರೆಯಲು ಮರೆಯಬೇಡಿ. ಎಂಟು ವರ್ಷಗಳಲ್ಲಿ ಏನು ಬದಲಾಯಿತು ಎಂಬುದನ್ನು ಓದುಗರೇ ಯೋಚಿಸಲಿ. ಅದೇ ದಿನ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಅದಕ್ಕೂ ಮುಂಚೆ ವಿದ್ಯುತ್ ಮೀಟರ್ ಓದುವವರು ಬಂದು ಮನೆ ಬಾಗಿಲಿಗೆ ಸಂಖ್ಯೆಯ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಆಮೇಲೆ ಶಿಕ್ಷಕರು ಮೊಬೈಲ್ ಹಿಡಿದು 60 ಪ್ರಶ್ನೆಗಳೊಂದಿಗೆ ಬಂದರು. ನೆಟ್‌ವರ್ಕ್ ಸಿಗದ ಊರುಗಳಲ್ಲಿ ಮೇಷ್ಟ್ರುಗಳು ದಿಬ್ಬ ಹತ್ತಿ, ಮರದ ಕೆಳಗೆ ನಿಂತು ಒಟಿಪಿಗೆ ಕಾದದ್ದನ್ನು ನಾನೇ ಕಂಡಿದ್ದೇನೆ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದ ಕೆಲಸ ಮುಗಿಯದೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಮಕ್ಕಳ ಪಾಲಿಗೆ ಆ ವರ್ಷದ ಅತಿ ದೊಡ್ಡ ಸುದ್ದಿ ಅದೇ ಆಗಿದ್ದಿರಬೇಕು.

ಅದೇ ದಿನವೇ ಜಿಎಸ್‌ಟಿಯ ಹೊಸ ದರಗಳೂ ಜಾರಿಗೆ ಬಂದವು. ನಂದಿನಿ ತುಪ್ಪ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಇಳಿಯಿತು. ನವೆಂಬರ್ ಮೊದಲ ವಾರದಲ್ಲಿ 700ಕ್ಕೆ ಏರಿತು. ಆರ್ಥಿಕ ಸುಧಾರಣೆಯ ಬಗ್ಗೆ ಬರೆದ ಎಷ್ಟೋ ಸಂಪಾದಕೀಯಗಳಿಗಿಂತ ಈ ಮೂರು ಅಂಕಿಗಳು ಅಡುಗೆಮನೆಯವರಿಗೆ ಹೆಚ್ಚು ತಿಳಿಸುತ್ತವೆ.

ಎರಡು ದಿನ ಕಳೆದು, ಸೆಪ್ಟೆಂಬರ್ 24ರಂದು, ಎಸ್. ಎಲ್. ಭೈರಪ್ಪ ನಿಧನರಾದರು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿ, ಮೈಸೂರಿನಲ್ಲಿ ನೆಲೆಸಿ, ಕನ್ನಡದಲ್ಲಿ ಅತಿ ಹೆಚ್ಚು ಓದಿಸಿಕೊಂಡ ಕಾದಂಬರಿಕಾರರಲ್ಲಿ ಒಬ್ಬರಾಗಿ, ಅಷ್ಟೇ ವಾಗ್ವಾದಕ್ಕೂ ಗುರಿಯಾದವರು. 2019ರ ದಸರಾ ಉದ್ಘಾಟಿಸಿದವರು ಅವರೇ. ಸಾಹಿತ್ಯದ ಅವರ ನಿಲುವಿಗೂ ಬಂಡಾಯದವರ ನಿಲುವಿಗೂ ಎಣ್ಣೆ ಸೀಗೆಕಾಯಿ. ಅವರ ಕೆಲವು ಕೃತಿಗಳ ಮೇಲೆ ನಡೆದ ಜಗಳ ನಮ್ಮ ಸುದ್ದಿಮೇಜಿಗೆ ಬರುತ್ತಿದ್ದ ಓದುಗರ ಪತ್ರಗಳ ಚೀಲವನ್ನೇ ಭಾರ ಮಾಡಿತ್ತು. ಆದರೂ ನೋಡಿ, ಒಂದೇ ಹಾಸನ ಜಿಲ್ಲೆಯ ಇಬ್ಬರು, ಒಂದೇ ನವರಾತ್ರಿಯಲ್ಲಿ, ಒಬ್ಬರು ಬೆಟ್ಟದ ಮೇಲೆ ದೀಪ ಹಚ್ಚಿದರು, ಇನ್ನೊಬ್ಬರನ್ನು ಮೈಸೂರು ಅದೇ ಹಬ್ಬದ ದೀಪಾಲಂಕಾರದ ನಡುವೆ ಸರ್ಕಾರಿ ಗೌರವದೊಂದಿಗೆ ಬೀಳ್ಕೊಟ್ಟಿತು. ಇವರಲ್ಲಿ ಯಾರು ದೊಡ್ಡವರು ಎಂಬ ತೀರ್ಪನ್ನು ಕಾಲೇಜು ಸಂಚಿಕೆ ಕೊಡಬೇಕಿಲ್ಲ. ಇಬ್ಬರನ್ನೂ ಒಂದೇ ಪುಟದಲ್ಲಿಡಿ, ಅಷ್ಟು ಸಾಕು. ವಿಜಯದಶಮಿಯ ದಿನ, ಅಕ್ಟೋಬರ್ 2ರಂದು, 'ಕಾಂತಾರ: ಅಧ್ಯಾಯ 1' ತೆರೆಕಂಡು ದೇಶದೆಲ್ಲೆಡೆ ಚಿತ್ರಮಂದಿರಗಳನ್ನು ತುಂಬಿಸಿತು, ಅದಕ್ಕೂ ಎರಡು ತಿಂಗಳು ಮೊದಲು ದೊಡ್ಡ ತಾರೆಗಳೇ ಇಲ್ಲದ 'ಸು ಫ್ರಮ್ ಸೋ' ಬಾಯಿಂದ ಬಾಯಿಗೆ ಹರಡಿ ಗೆದ್ದಿತ್ತು. ಎರಡೂ ಕರಾವಳಿಯ ಮಣ್ಣಿನವು. ಸಿನಿಮಾದ ಬಗ್ಗೆ ಇಷ್ಟು ಹೇಳಿದರೆ ನಿಮ್ಮ ಪುಟಕ್ಕೆ ಸಾಕು, ಗಳಿಕೆಯ ಕೋಟಿಗಳ ಲೆಕ್ಕ ಬೇರೆಲ್ಲ ಕಡೆ ಸಿಗುತ್ತದೆ.

ಅಗಲಿದವರ ವಿಷಯಕ್ಕೆ ಬಂದರೆ, ಎಲ್ಲರ ಹೆಸರನ್ನೂ ಸಾಲಾಗಿ ಬರೆದು ಕೆಳಗೆ ಒಂದು ದೀಪದ ಚಿತ್ರ ಹಾಕುವುದು ಯಾರನ್ನೂ ನೆನೆದಂತಲ್ಲ. ಒಬ್ಬಿಬ್ಬರನ್ನು ಆರಿಸಿಕೊಂಡು ಅವರು ಬಿಟ್ಟುಹೋದ ವಸ್ತುವನ್ನು ತೋರಿಸಿ. ನವೆಂಬರ್ 14ರಂದು ತೀರಿಕೊಂಡ ಸಾಲುಮರದ ತಿಮ್ಮಕ್ಕನಿಗೆ 114 ವರ್ಷ ಎನ್ನುತ್ತಾರೆ, ಪದ್ಮಶ್ರೀ ಬಂದಿತ್ತು, ಇದೆಲ್ಲ ಎಲ್ಲರಿಗೂ ಗೊತ್ತು. ಮಾಗಡಿ ತಾಲ್ಲೂಕಿನ ಹುಲಿಕಲ್‌ನಿಂದ ಕುದೂರಿನ ಕಡೆಗೆ ನಾಲ್ಕು ಕಿಲೋಮೀಟರಿಗೂ ಹೆಚ್ಚು ದೂರ ಸಾಗುವ ಆ ರಸ್ತೆಯಲ್ಲಿ ಒಮ್ಮೆ ನಡೆದು ಬನ್ನಿ. ಎರಡೂ ಬದಿಯ ಆಲಗಳು ಮೇಲೆ ಕೈಹಿಡಿದುಕೊಂಡಿವೆ. ಮಧ್ಯಾಹ್ನದ ಬಿಸಿಲಿನಲ್ಲಿ ರಸ್ತೆಯ ಮೇಲೆ ನಾಣ್ಯದಷ್ಟು ನಾಣ್ಯದಷ್ಟು ಬೆಳಕು ಮಾತ್ರ ಬೀಳುತ್ತದೆ. ಮಕ್ಕಳಿಲ್ಲದ ಕೂಲಿ ದಂಪತಿ ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು ಅವು, ಲೆಕ್ಕದಲ್ಲಿ 385. 2019ರಲ್ಲಿ ರಸ್ತೆ ಅಗಲೀಕರಣಕ್ಕೆ ಅವುಗಳನ್ನು ಕಡಿಯುವ ಮಾತು ಬಂದಾಗ ಆಕೆಯೇ ಮುಖ್ಯಮಂತ್ರಿಯ ಬಳಿಗೆ ಹೋಗಿ ಉಳಿಸಿಕೊಡಿ ಎಂದು ಕೇಳಬೇಕಾಯಿತು. ಈ ಕೊನೆಯ ವಾಕ್ಯವನ್ನು ಬಿಟ್ಟು ಆಕೆಯನ್ನು ಹೊಗಳಿದರೆ ಅದು ಅರ್ಧ ಸತ್ಯ. ಜುಲೈ 14ರಂದು ಹೋದ ಬಿ. ಸರೋಜಾದೇವಿಯವರ ವಿಷಯದಲ್ಲೂ ಹಾಗೇ: 1955ರ 'ಮಹಾಕವಿ ಕಾಳಿದಾಸ'ದಿಂದ ಆರಂಭಿಸಿ ನಾಲ್ಕು ಭಾಷೆಗಳಲ್ಲಿ ಮೆರೆದ ನಟಿಗೆ ಕರ್ನಾಟಕ ರತ್ನ ಘೋಷಣೆಯಾದದ್ದು ಸೆಪ್ಟೆಂಬರ್‌ನಲ್ಲಿ, ಅಂದರೆ ಸತ್ತ ಎರಡು ತಿಂಗಳ ಮೇಲೆ.

ನಿಮ್ಮ ಪಟ್ಟಿಯನ್ನು ನಾನು ನೋಡಿಲ್ಲ, ಆದರೂ ಅದರಲ್ಲಿ ಬೆಂಗಳೂರಿನ ಪಾಲು ಅರ್ಧಕ್ಕಿಂತ ಹೆಚ್ಚು ಎಂದು ಪಣ ಕಟ್ಟಬಲ್ಲೆ. ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದು, ಆಗಸ್ಟ್ 10ರಂದು ಆರ್. ವಿ. ರಸ್ತೆಯಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ ತೆರೆದಾಗ ಮೂರೇ ರೈಲುಗಳು 25 ನಿಮಿಷಕ್ಕೊಂದರಂತೆ ಓಡಿದ್ದು, ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಐದು ನಗರ ಪಾಲಿಕೆಗಳು ಬಂದದ್ದು, ಇವೆಲ್ಲ ರಾಜಧಾನಿಯ ಪತ್ರಿಕೆಗಳಲ್ಲಿ ಚೆನ್ನಾಗಿಯೇ ದಾಖಲಾಗಿವೆ. ನಿಮ್ಮಲ್ಲಿ ಪದವಿ ಮುಗಿಸಿದವರು ಹೇಗೂ ಎಲೆಕ್ಟ್ರಾನಿಕ್ ಸಿಟಿಯ ಬಸ್ಸು ಹಿಡಿಯುವವರೇ ಎಂದಾದರೆ ಹಳದಿ ಮಾರ್ಗಕ್ಕೆ ಒಂದು ವಾಕ್ಯ ಕೊಡಿ. ಆದರೆ ಅಕ್ಟೋಬರ್ 30ರಿಂದ ಒಂದು ವಾರಕ್ಕೂ ಹೆಚ್ಚು ಕಾಲ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲೇ ಅಡುಗೆ ಮಾಡಿಕೊಂಡು, ರಸ್ತೆಯಲ್ಲೇ ಮಲಗಿ ಟನ್ನಿಗೆ 3,500 ರೂಪಾಯಿ ಕೇಳಿದ್ದನ್ನು ಬಿಡಬೇಡಿ. ನವೆಂಬರ್ 7ರಂದು 3,300 ರೂಪಾಯಿಗೆ ಒಪ್ಪಂದವಾಯಿತು. ನನ್ನ ಅಳತೆಗೋಲಿನಲ್ಲಿ ಅದು ಉಪಾಹಾರ ಕೂಟಗಳಿಗಿಂತ ಎಷ್ಟೋ ಪಟ್ಟು ದೊಡ್ಡ ಸುದ್ದಿ. ಸರ್ಕಾರ ಏನನ್ನೋ ಬೇರೆ ರೀತಿಯಲ್ಲಿ ಮಾಡಬೇಕಾಯಿತು, ಕಾರ್ಖಾನೆಗಳೂ ಮಾಡಬೇಕಾಯಿತು. ಹಾಗೆಯೇ ದಸರಾದ ದೀಪಗಳು ಮೈಸೂರಿನಲ್ಲಿ ಉರಿಯುತ್ತಿದ್ದ ಅದೇ ದಿನಗಳಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ, ವಿಜಯಪುರದ ಹೊಲಗಳಲ್ಲಿ ತೊಗರಿ, ಹತ್ತಿ ನೀರಿನಲ್ಲಿ ನಿಂತು ಕೊಳೆತವು. ಸೆಪ್ಟೆಂಬರ್ ಪುಟದಲ್ಲಿ ಮೈಸೂರಿನ ಚಿತ್ರದ ಪಕ್ಕಕ್ಕೇ ಭೀಮಾತೀರದ ಚಿತ್ರವೂ ಇರಲಿ.

ಒಂದು ಕಾಲಂನ ಸಣ್ಣ ಸುದ್ದಿಗಳನ್ನು ಇನ್ನೊಮ್ಮೆ ಜರಡಿ ಹಿಡಿಯಿರಿ, ಹಿನ್ನೋಟ ಬರೆಯುವವರಿಗೆ ಸುಖ ಸಿಗುವುದು ಅಲ್ಲಿಯೇ. ಮಹಿಳಾ ವಿಶ್ವಕಪ್ ಗೆದ್ದ ಮೂರು ವಾರಗಳಿಗೆ, ನವೆಂಬರ್ 23ರಂದು, ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ಪನ್ನು ಭಾರತ ಗೆದ್ದಿತು. ನಾಯಕಿ ಕರ್ನಾಟಕದ ಟಿ. ಸಿ. ದೀಪಿಕಾ. ಎಷ್ಟು ಪತ್ರಿಕೆಗಳ ವರ್ಷಾಂತ್ಯದ ಪುಟದಲ್ಲಿ ಆಕೆಯ ಚಿತ್ರ ಬಂದಿತು ಎಂದು ಹುಡುಕುವ ಕೆಲಸವನ್ನು ನಿಮ್ಮ ವಿದ್ಯಾರ್ಥಿಗಳಿಗೇ ಕೊಡಿ. ಜನವರಿ 8ರಂದು ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯವರ ಮುಂದೆ ಶರಣಾದದ್ದು ಆ ದಿನ ದೊಡ್ಡ ಸುದ್ದಿಯೇ ಆಗಿತ್ತು, ಆದರೆ ಜನವರಿಯದಾದ್ದರಿಂದ ಡಿಸೆಂಬರ್ ಹೊತ್ತಿಗೆ ಮಾಸಿತ್ತು. ಮಲೆನಾಡಿನ ಎರಡು ದಶಕಗಳ ಗುಂಡಿನ ಸದ್ದು ಅಲ್ಲಿಗೆ ನಿಂತಿತು ಎಂದರೆ ಅದು ಸಣ್ಣದಲ್ಲ. ಜೂನ್ 26ರಂದು ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷ ಹಾಕಿದ ಹಸುವಿನ ಮಾಂಸ ತಿಂದು ಸತ್ತದ್ದನ್ನೂ ಮರೆಯದಿರಿ. ಹಸು ಕಳೆದುಕೊಂಡವನ ಸಿಟ್ಟು, ಕಾಡಿನ ಕಾಯ್ದೆ, ಗಸ್ತಿನವರ ಕೊರತೆ ಎಲ್ಲವೂ ಆ ಒಂದು ಸುದ್ದಿಯಲ್ಲಿವೆ.

ಹಲವು ಶವಗಳನ್ನು ಹೂತಿದ್ದೇನೆ ಎಂಬ ಒಬ್ಬನ ದೂರಿನಿಂದ ಆರಂಭವಾದ ಧರ್ಮಸ್ಥಳದ ಪ್ರಕರಣವನ್ನು ಏನು ಮಾಡುವುದು ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ನಿಮ್ಮ ಮುಂದೆ ಬಂದೇ ಬರುತ್ತದೆ. ಬಿಟ್ಟುಬಿಟ್ಟರೆ ಹೆದರಿದಿರಿ ಎನ್ನುತ್ತಾರೆ, ಬರೆದರೆ ಯಾವ ಕಡೆಯವರು ಎಂದು ಕೇಳುತ್ತಾರೆ. ವಿಚಾರಣೆ ಮುಗಿಯದ ಪ್ರಕರಣಗಳಿಗೆ ಸುದ್ದಿಮೇಜಿನ ನಿಯಮ ಸರಳವಾದದ್ದು: ದಾಖಲೆಯಲ್ಲಿರುವ ಹೆಜ್ಜೆಗಳನ್ನು ಮಾತ್ರ ದಿನಾಂಕದೊಂದಿಗೆ ಬರೆಯಬೇಕು. ಜುಲೈ 19ರಂದು ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು, ತಿಂಗಳ ಕೊನೆಯಲ್ಲಿ ನೆಲ ಅಗೆಯುವ ಕೆಲಸ ಆರಂಭವಾಯಿತು, ಆಗಸ್ಟ್ 23ರಂದು ದೂರುದಾರನ ಬಂಧನವಾಯಿತು. ಈ ಮೂರು ವಾಕ್ಯಗಳ ಆಚೆಗೆ ಒಂದು ವಿಶೇಷಣವನ್ನೂ ಸೇರಿಸಬೇಡಿ. 'ಆಘಾತಕಾರಿ', 'ಸ್ಫೋಟಕ', 'ಷಡ್ಯಂತ್ರ' ಎಂಬ ಮೂರು ಪದಗಳನ್ನು ಇಡೀ ನಾಲ್ಕು ಪುಟಗಳಿಂದಲೇ ತೆಗೆದುಹಾಕಿದರೆ ಇನ್ನೂ ಒಳ್ಳೆಯದು.

ಇನ್ನು ಎರಡು ಸಣ್ಣ ಕೆಲಸಗಳು ಉಳಿದಿವೆ. ಕೊನೆಯ ಪುಟದ ಅಡಿಯಲ್ಲಿ 'ಈ ಬರಹ ಇಂಥ ದಿನಾಂಕದವರೆಗಿನ ಮಾಹಿತಿಯನ್ನು ಆಧರಿಸಿದೆ' ಎಂಬ ಒಂದು ಸಾಲು ಹಾಕಿ. ಡಿಸೆಂಬರ್ 14ರಂದು ದಾವಣಗೆರೆಯ ಶಾಮನೂರು ಶಿವಶಂಕರಪ್ಪ ತೀರಿಕೊಂಡಾಗ ಎಷ್ಟೋ ಕಡೆ ವರ್ಷಾಂತ್ಯದ ಪುಟಗಳ ವಿನ್ಯಾಸ ಮುಗಿದುಹೋಗಿರುತ್ತದೆ. ಆ ಒಂದು ಸಾಲು ಇದ್ದರೆ ಓದುಗ ಅದನ್ನು ಮರೆವು ಎಂದುಕೊಳ್ಳುವುದಿಲ್ಲ. ಮತ್ತೆ, ಅಚ್ಚಿಗೆ ಕಳಿಸುವ ಹಿಂದಿನ ದಿನ ದಿನಾಂಕಗಳನ್ನೂ ಹೆಸರುಗಳನ್ನೂ ಬರಹಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಬರೆದವರ ಕಣ್ಣಿಗೆ ಸೆಪ್ಟೆಂಬರ್ 22 ಮತ್ತು 24 ಒಂದೇ ಆಗಿ ಕಾಣುತ್ತವೆ; ಪುಟ ಅಚ್ಚಾಗಿ ಬಂದ ಮೇಲೆ ಮಾತ್ರ ಬೇರೆ ಬೇರೆಯಾಗಿ ಕಾಣತೊಡಗುತ್ತವೆ.